ಮೂರನೆಯ ಗ್ಲಾಸು

ಅವಳನ್ನು ‘ಮೂಗಿ’ ಎಂದು ಮೊದಲು ಕರೆದವನು ಅವಳ ಚಿಕ್ಕಪ್ಪನೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಡಿಸ್ಟಿಲರಿಗೆ ಕೆಲಸಕ್ಕೆ ಸೇರಿದ ಮೊದಲನೆಯ ದಿನ ಗೋದಾಮಿನ ಸಾಲುಗಳ ನಡುವೆ ನಡೆಯುತ್ತಿದ್ದವಳು ಒಂದು ಪೀಪಾಯಿಯ ಮುಂದೆ ನಿಂತು, ಇದರ ಒಳಗಿನ ಹಲಗೆಗೆ ಬೂಷ್ಟು ಹಿಡಿದಿದೆ ಎಂದಿದ್ದಳು. ಬಿರಡೆ ತೆಗೆದು ನೋಡಿದರೆ ಹೌದು. ಚಿಕ್ಕಪ್ಪ ಹೊಟ್ಟೆ ಹಿಡಿದು ನಕ್ಕ. “ಇವಳು ಬರೀ ಮೂಗು ಕಣ್ರಪ್ಪಾ, ಮೂಗಿ” ಎಂದ. ಮಾತು ಬಾರದವಳಿಗೂ ಅದೇ ಹೆಸರು ಎಂದು ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಸುಳ್ಳೇನಲ್ಲ, ಅವಳು ಮಾತು ಕಡಿಮೆಯ ಹುಡುಗಿ.

ಆ ಮೂಗು ಅಪ್ಪನಿಂದ ಬಂದದ್ದು. ಅಪ್ಪ ಅದೇ ಡಿಸ್ಟಿಲರಿಯಲ್ಲಿ ಪೀಪಾಯಿ ಕಟ್ಟುವ ಬಡಗಿಯಾಗಿದ್ದ. ಹಲಗೆಯನ್ನು ಬೆಂಕಿಗೆ ಹಿಡಿದು, ಎಷ್ಟು ಕರಟಿದೆ ಎಂದು ವಾಸನೆಯಲ್ಲೇ ಹೇಳುತ್ತಿದ್ದ. ಅವಳಿಗೆ ಹನ್ನೆರಡಾಗಿದ್ದಾಗ ಅವನು ತೀರಿಹೋದ. ಅಮ್ಮ ಹೊಲಿಗೆ ಮಿಷನ್ನು ತುಳಿದು ಅವಳನ್ನು ಬೆಳೆಸಿದಳು. ಅಪ್ಪನ ತಮ್ಮ, ಈ ಚಿಕ್ಕಪ್ಪ, ಅಷ್ಟು ಹೊತ್ತಿಗೆ ಮಾಸ್ಟರ್ ಬ್ಲೆಂಡರ್ ಆಗಿದ್ದ. ಯಾವ ಪೀಪಾಯಿಯ ವಿಸ್ಕಿಯನ್ನು ಯಾವುದರ ಜೊತೆ ಎಷ್ಟು ಬೆರೆಸಬೇಕು, ಯಾವುದನ್ನು ಇನ್ನೂ ಐದು ವರ್ಷ ಮಲಗಿಸಬೇಕು ಎಂದು ತೀರ್ಮಾನಿಸುವ ಕೆಲಸ. ಬಾಯಿಗಿಂತ ಮೂಗಿನಿಂದ ಮಾಡುವ ಕೆಲಸ ಅದು. ಡಿಸ್ಟಿಲರಿಯ ಅಷ್ಟೂ ಹೆಸರು ಅವನ ಮೂಗಿನ ತುದಿಯಲ್ಲಿ ನಿಂತಿತ್ತು.

ಅವಳು ಸೇರಿದ ಮೂರನೆಯ ವರ್ಷ ಚಿಕ್ಕಪ್ಪನಿಗೆ ಕೆಟ್ಟ ಜ್ವರ ಬಂತು. ಎರಡು ವಾರ ಮಲಗಿ ಎದ್ದು ಬಂದ. ಮೊದಲ ದಿನ ಬೆಳಿಗ್ಗೆ ಅವನು ಒಂದಾದ ಮೇಲೊಂದು ಗ್ಲಾಸು ಎತ್ತಿ ಮೂಸುವುದನ್ನು ಅವಳು ನೋಡುತ್ತಿದ್ದಳು. ಎಂಟನೆಯ ಗ್ಲಾಸನ್ನು ಮೂಸಿ ಕೆಳಗಿಟ್ಟ. ಬಾಗಿಲು ಹಾಕಿ ಬಾ ಎಂದ. ನನಗೆ ಏನೂ ಬರುತ್ತಿಲ್ಲ, ಸೋಪಿಲ್ಲ, ಹೊಗೆಯಿಲ್ಲ, ಸುಟ್ಟ ಹಾಲಿಲ್ಲ, ಏನೂ ಇಲ್ಲ ಎಂದ. ಮೂಗಿನ ಹೊಳ್ಳೆಯಲ್ಲಿ ಆಲ್ಕೋಹಾಲಿನ ಉರಿ ಮಾತ್ರ ಗೊತ್ತಾಗುತ್ತಿತ್ತು. ಡಾಕ್ಟರು ವಾಪಸ್ ಬರಲೂಬಹುದು, ಬರದೆಯೂ ಇರಬಹುದು ಎಂದಿದ್ದರಂತೆ. ಬರಲಿಲ್ಲ.

ಅಂದಿನಿಂದ ಹನ್ನೊಂದು ವರ್ಷ ಅವಳೇ ಅವನ ಮೂಗಾದಳು. ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಾಲಯದ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವಳು ಮೂಸಿ ಹೇಳುವಳು, ಅವನು ಬರೆದುಕೊಳ್ಳುವನು. ‘ನೆನೆದ ಸ್ಲೇಟಿನ ವಾಸನೆ’ ಎಂದು ಅವಳು ಹೇಳಿದರೆ ಮುಂದಿನ ತಿಂಗಳ ಪತ್ರಿಕೆಯಲ್ಲಿ ಅದೇ ಮಾತು ಅವನ ಫೋಟೋದ ಕೆಳಗೆ ಅಚ್ಚಾಗಿರುತ್ತಿತ್ತು. ಫೋಟೋದಲ್ಲಿ ಅವನು ಕಣ್ಣು ಮುಚ್ಚಿ ಗ್ಲಾಸನ್ನು ಮೂಗಿಗೆ ಹಿಡಿದಿರುತ್ತಿದ್ದ. ಅಮ್ಮ ಆ ಪುಟಗಳನ್ನು ಕತ್ತರಿಸಿ ಕಪಾಟಿನಲ್ಲಿಟ್ಟಳು. ಮೈದುನನ ಬಗ್ಗೆ ಅವಳಿಗೆ ಹೆಮ್ಮೆ. ಮಗಳು ಗುಟ್ಟು ಬಿಟ್ಟುಕೊಡಲಿಲ್ಲ.

ಹನ್ನೊಂದನೆಯ ವರ್ಷ ಚಿಕ್ಕಪ್ಪನ ಅಳಿಯ ಡಿಸ್ಟಿಲರಿಗೆ ಬಂದ. ರಸಾಯನಶಾಸ್ತ್ರ ಓದಿದವನು. ಮಾವನ ಗುಟ್ಟು ಅವನಿಗೂ ತಿಳಿಯಿತು. ಅವನು ತರಿಸಿದ ಯಂತ್ರ ಒಂದು ಹನಿ ವಿಸ್ಕಿಯಲ್ಲಿ ಏನೇನಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಅದೇ ಸಮಯಕ್ಕೆ ಅವಳು ಚಿಕ್ಕಪ್ಪನ ಮುಂದೆ ಒಂದು ಬೇಡಿಕೆ ಇಟ್ಟಳು. ತಾನೇ ಆರಿಸಿ ಬೇರೆ ಇರಿಸಿದ್ದ ಹನ್ನೆರಡು ಪೀಪಾಯಿಗಳಿದ್ದವು. ಅವುಗಳ ಪೈಕಿ ನಾಲ್ಕನ್ನು ಅಪ್ಪನೇ ಕಟ್ಟಿದ್ದು. ಅವು ಬಾಟಲಿಗೆ ಬರುವ ದಿನ ಲೇಬಲ್ಲಿನ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಾದರೂ, ತನ್ನ ಹೆಸರೂ ಇರಲಿ ಎಂದಳು. ಚಿಕ್ಕಪ್ಪ ಆಗಲ್ಲ ಎನ್ನಲಿಲ್ಲ. ಅವಳ ತಲೆ ಸವರಿ, ನೋಡೋಣ ಎಂದ.

ಹದಿನೈದು ದಿನ ಕಳೆದು, ಬೆಳಿಗ್ಗೆ ಹತ್ತು ಗಂಟೆಗೆ ಉಗ್ರಾಣದ ಅಧಿಕಾರಿ ಇಬ್ಬರು ಕಾವಲುಗಾರರ ಜೊತೆ ಬಂದು ಅವಳ ಡ್ರಾಯರು ತೆಗೆಸಿದ. ಒಳಗೆ ಅರ್ಧ ಖಾಲಿಯಾದ ಬಾಟಲಿ, ಒಂದು ಗ್ಲಾಸು. ಅವಳು ಚಿಕ್ಕಪ್ಪನನ್ನು ನೋಡಿದಳು. ಅವನು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದ. ತಲೆ ಎತ್ತದೆಯೇ ಹೇಳಿದ:

“ಮನೆ ಹುಡುಗಿ. ಪೊಲೀಸು ಗಿಲೀಸು ಬೇಡ. ಸುಮ್ನೆ ಕಳಿಸಿಬಿಡಿ.”

ಆ ಕರುಣೆಯೇ ಅವಳನ್ನು ಮುಗಿಸಿತು. ಕೆಲಸದ ಹೊತ್ತಲ್ಲಿ ಕುಡಿಯುತ್ತಿದ್ದಳಂತೆ, ಚಿಕ್ಕಪ್ಪ ಇಷ್ಟು ವರ್ಷ ಮುಚ್ಚಿಟ್ಟಿದ್ದರಂತೆ, ಪಾಪ ಎಂದು ಸುದ್ದಿ ಹಬ್ಬಿತು. ಅವನ ಮೂಗಿನ ಗುಟ್ಟನ್ನು ಅವಳು ಅಂದೇ ಕೂಗಿ ಹೇಳಬಹುದಿತ್ತು. ಆದರೆ ಕುಡಿದು ಕೆಲಸ ಕಳೆದುಕೊಂಡವಳು ಮಾಸ್ಟರ್ ಬ್ಲೆಂಡರನಿಗೆ ವಾಸನೆಯೇ ತಿಳಿಯುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅವಳ ಬಾಯಿಗೆ ಬೀಗ ಹಾಕಿ, ಆಮೇಲೆ ಹೊರಗೆ ಕಳಿಸಿದ್ದರು.

ಸೆಂಟಿನ ಕಾರ್ಖಾನೆಯವರು ಬಾ ಎಂದು ಕರೆದು, ಎರಡು ದಿನ ಬಿಟ್ಟು ಬೇಡ ಎಂದರು. ಟೀ ಕಂಪನಿಯವರು ಕರೆಯಲೇ ಇಲ್ಲ. ಅವಳನ್ನು ನೋಡಿಹೋಗಿದ್ದ ಒಬ್ಬ ಶಾಲಾ ಮಾಸ್ತರನ ಮನೆಯವರು ಹೇಳಿಕಳಿಸುವ ಸೌಜನ್ಯವನ್ನೂ ತೋರದೆ ಸುಮ್ಮನಾದರು. ಕೊನೆಗೆ ಅವಳು ಒಂದು ಲಾಂಡ್ರಿಯಲ್ಲಿ ಸೇರಿಕೊಂಡಳು. ಬಂದ ಬಟ್ಟೆಗಳನ್ನು ಬೇರ್ಪಡಿಸುವ ಕೆಲಸ. ಕಾಲರಿನ ವಾಸನೆಯಿಂದಲೇ ಯಾರು ಸಿಗರೇಟು ಬಿಟ್ಟಿದ್ದಾರೆ, ಯಾರು ಬಿಟ್ಟೆನೆಂದು ಹೆಂಡತಿಗೆ ಸುಳ್ಳು ಹೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ.

ಲಾಂಡ್ರಿಯ ಎದುರಿಗೆ ಒಂದು ಸಣ್ಣ ಬಾರಿತ್ತು. ಅಲ್ಲಿ ಕಾಕ್‌ಟೇಲ್ ಬೆರೆಸುವವನು ದಪ್ಪ ಗಾಜಿನ ಕನ್ನಡಕದವನು. ಅವನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು. ಅವನ ಏಪ್ರನ್ನುಗಳು ಅವಳ ಕೈಯಲ್ಲೇ ಹಾದುಹೋಗುತ್ತಿದ್ದವು. ಒಂದು ದಿನ ಮಧ್ಯಾಹ್ನ ಏಪ್ರನ್ನು ಕೊಡುವಾಗ ಅವಳು, ನಿಮ್ಮ ನಿಂಬೆರಸ ನಿನ್ನೆಯದು, ಜಿನ್ನಿನ ಬಾಟಲಿಯಲ್ಲಿ ಬೇರೇನೋ ಇದೆ ಎಂದಳು. ಸೋಡಾಬುಡ್ಡಿ ಹೋಗಿ ನೋಡಿದ. ಬಾಟಲಿ ತಂದುಕೊಟ್ಟವನು ಅಗ್ಗದ ಮಾಲನ್ನು ಒಳ್ಳೆಯ ಬಾಟಲಿಗೆ ತುಂಬಿಸಿದ್ದ. ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಬಾರು ತೆರೆಯುವ ಮುಂಚೆ ಅವಳು ಅಲ್ಲಿ ಒಂದು ಗಂಟೆ ಕೂರುವುದು ರೂಢಿಯಾಯಿತು. ಅವನು ಬೆರೆಸುತ್ತಿದ್ದ, ಅವಳು ಮೂಸಿ ಹೇಳುತ್ತಿದ್ದಳು. ಹೇಳಿದ್ದು ಗಾಳಿಗೆ ಹೋಗುತ್ತಲ್ಲ, ಬರೆದಿಡಿ, ಬ್ಲಾಗ್ ಮಾಡಿ ಎಂದವನು ಅವನೇ.

ಅವನು ಹಾಗೆಂದ ಕ್ಷಣದಲ್ಲೇ ಅವಳಿಗೆ ಇಡೀ ದಾರಿ ಕಂಡಿತು. ಆಮೇಲೆ ಅಮ್ಮನಿಗೆ ಅವಳು ಹಾಗೆಂದೇ ಹೇಳಿದ್ದಳು.

ಬ್ಲಾಗಿಗೆ ‘ಮೂಗಿ ಮಾತಾಡ್ತಾಳೆ’ ಎಂದು ಹೆಸರಿಟ್ಟಳು. ಯಾರೆಂದು ಎಲ್ಲೂ ಹೇಳಲಿಲ್ಲ. ರಮ್, ಜಿನ್, ಬ್ರಾಂದಿ, ವಿಸ್ಕಿ, ಸೋಡಾಬುಡ್ಡಿಯ ಕಾಕ್‌ಟೇಲುಗಳು, ಒಂದೊಂದನ್ನೂ ಅಂಗೈ ಮೇಲಿಟ್ಟುಕೊಂಡ ಹಾಗೆ ಬರೆದಳು. ಯಾರನ್ನೂ ಹೊಗಳಬೇಕೆಂದು ಹೊಗಳಲಿಲ್ಲ, ತೆಗಳಬೇಕೆಂದು ತೆಗಳಲಿಲ್ಲ. ಒಂದು ಕಂಪನಿಯ ರಮ್ಮಿನಲ್ಲಿ ವಿನೆಗರಿನ ಪೀಪಾಯಿಯ ವಾಸನೆ ಇದೆ ಎಂದು ಬರೆದಾಗ ಕಂಪನಿಯವರು ಕೋರ್ಟಿಗೆ ಹೋಗುತ್ತೇವೆಂದು ಹಾರಾಡಿ, ವಾರದೊಳಗೆ ತಪ್ಪೊಪ್ಪಿಕೊಂಡು ಮಾಲು ವಾಪಸ್ ತರಿಸಿದರು. ‘ಮೂಗಿ ಬರೆದರೆ ಮುಗೀತು’ ಎಂಬ ಮಾತು ಓದುಗರಲ್ಲಿ ಹುಟ್ಟಿಕೊಂಡಿತು.

ಎರಡು ವರ್ಷ ಮೂರು ತಿಂಗಳು. ಇನ್ನೂರಕ್ಕೂ ಮಿಕ್ಕಿ ಬರಹ. ಅಷ್ಟರಲ್ಲಿ ಒಂದೇ ಒಂದು ಸಲವೂ ಅವಳು ಚಿಕ್ಕಪ್ಪನ ಡಿಸ್ಟಿಲರಿಯ ಹೆಸರೆತ್ತಲಿಲ್ಲ. ಓದುಗರು ಕೇಳುತ್ತಿದ್ದರು, ದೊಡ್ಡವರ ಮಾಲು ಯಾವಾಗ ಮೂಸ್ತೀರಿ ಎಂದು. ಕಾಯಿರಿ ಎಂದಷ್ಟೇ ಉತ್ತರಿಸುತ್ತಿದ್ದಳು. ಮತ್ತೆ ಬಾಯಿ ತೆರೆದಾಗ ಯಾರೂ ಅನುಮಾನಪಡಬಾರದು. ಅವಳು ಬರೆದ ಪ್ರತಿ ಸತ್ಯವೂ ಅದೊಂದು ದಿನಕ್ಕಾಗಿ ಒಟ್ಟಿದ ಸೌದೆ.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮೂರಕ್ಕೆ, ಇಂಥ ಬ್ಲಾಗ್ ಬರೆಯುವ ನಾಲ್ಕೈದು ಜನ ಸೋಡಾಬುಡ್ಡಿಯ ಬಾರಿನಲ್ಲಿ ಸೇರುತ್ತಿದ್ದರು. ಕುರ್ಚಿಗಳು ಇನ್ನೂ ಮೇಜಿನ ಮೇಲೆ ಮಗುಚಿಕೊಂಡಿರುತ್ತಿದ್ದವು. ನಿವೃತ್ತ ಹಡಗಿನ ಎಂಜಿನಿಯರ್ ಒಬ್ಬ, ಹಲ್ಲಿನ ಡಾಕ್ಟರ್ ಒಬ್ಬ, ಗಣಿತದ ಟೀಚರ್ ಒಬ್ಬಳು. ನಾವೆಲ್ಲ ಇದನ್ನು ಯಾಕೆ ಬರೆಯುತ್ತೇವೆ ಎಂಬ ಮಾತು ಒಮ್ಮೆ ಎದ್ದಿತು. ಎಂಜಿನಿಯರ್ ತಾನು ಮೂವತ್ತು ವರ್ಷ ಹಡಗಿನ ಕೋಣೆಯಲ್ಲಿ ಒಬ್ಬನೇ ಕುಡಿದಿದ್ದರಲ್ಲಿ ಒಂದು ಗುಟುಕೂ ನೆನಪಿಲ್ಲವೆಂದೂ, ಈಗ ಕುಡಿಯುವುದಾದರೂ ನೆನಪಿರಲಿ ಎಂದು ಬರೆಯುವುದೆಂದೂ ಹೇಳಿದ. ಡಾಕ್ಟರಿಗೆ ದಿನವಿಡೀ ಬಾಯಿ ತೆರೆದುಕೊಂಡು ಮಾತಾಡಲಾಗದ ಜನವೇ ಗತಿ, ಬ್ಲಾಗಿನಲ್ಲಾದರೂ ಎದುರುತ್ತರ ಕೊಡುವವರು ಸಿಗುತ್ತಾರಂತೆ. ಟೀಚರು ಕುಡಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಮುಟ್ಟಬಾರದ್ದನ್ನು ದೂರ ನಿಂತು ನೋಡಿದರೆ ಅದರ ಹೆದರಿಕೆ ಕಡಿಮೆಯಾಗುತ್ತದೆ ಎಂದಳು. ಸೋಡಾಬುಡ್ಡಿ ಗ್ಲಾಸು ಒರೆಸುತ್ತಾ, ನಾನು ಮಾಡಿದ್ದೆಲ್ಲ ಹತ್ತು ನಿಮಿಷದಲ್ಲಿ ಖಾಲಿ, ಎಲ್ಲೋ ಒಂದು ಕಡೆ ಇರಲಿ ಅಂತ ಎಂದ.

“ನೀನ್ಯಾಕಮ್ಮ ಬರೀತೀಯ?” ಎಂದು ಎಂಜಿನಿಯರ್ ಅವಳನ್ನು ಕೇಳಿದ.

“ಸೇಡಿಗೆ.”

ಎಲ್ಲರೂ ನಕ್ಕರು. ಟೀಚರು ಮಾತ್ರ ನಗದೆ ಅವಳ ಮುಖವನ್ನೇ ನೋಡಿದಳು.

ಅದಾಗಿ ಎರಡು ವಾರಕ್ಕೆ ಕಾದಿದ್ದು ಬಂತು. ಚಿಕ್ಕಪ್ಪನಿಗೆ ನಲವತ್ತು ವರ್ಷ ಸೇವೆ ತುಂಬಿತ್ತು. ಅವನ ಸಹಿ ಹಾಕಿದ ಹೊಸ ವಿಸ್ಕಿ ಬಿಡುಗಡೆಗೆ ಡಿಸ್ಟಿಲರಿಯವರು ಸಮಾರಂಭವಿಟ್ಟುಕೊಂಡಿದ್ದರು. ಪ್ರಚಾರ ವಿಭಾಗದ ಹೆಂಗಸೊಬ್ಬಳು, ಮೂಗಿ ಯಾರೆಂದು ತಿಳಿಯದೆ, ಬಹಳ ವಿನಯದ ಪತ್ರ ಬರೆದು ಒಂದು ಬಾಟಲಿ ಸೋಡಾಬುಡ್ಡಿಯ ಬಾರಿನ ವಿಳಾಸಕ್ಕೆ ಕಳಿಸಿದ್ದಳು.

ಬಿರಡೆ ತೆಗೆದ ಕೂಡಲೇ ಅವಳಿಗೆ ಗೊತ್ತಾಯಿತು. ಅದೇ ಹನ್ನೆರಡು ಪೀಪಾಯಿ. ಅಪ್ಪನ ಹಲಗೆ, ಅವನು ಹಿಡಿದ ಬೆಂಕಿ, ತಾನು ಎಣಿಸಿ ಎಣಿಸಿ ಮಲಗಿಸಿದ್ದ ವರ್ಷಗಳು. ಗ್ಲಾಸು ಕೆಳಗಿಟ್ಟಳು. ಕೆಟ್ಟದಾಗಿರಲಿ ಎಂದು ಎರಡು ವರ್ಷದಿಂದ ಹಾರೈಸಿದ್ದಳು. ಅವಳು ಮೂಸಿದ್ದರಲ್ಲೆಲ್ಲ ಅದೇ ಶ್ರೇಷ್ಠವಾಗಿತ್ತು. ಹಾಳು ಎಂದು ಬರೆದರೆ ಜನ ನಂಬುತ್ತಿದ್ದರು, ಆದರೆ ಅದು ಅಪ್ಪನ ಮೇಲೆ, ತನ್ನ ಮೇಲೆ ಉಗಿದಂತೆ. ಒಳ್ಳೆಯದೆಂದು ಬರೆದರೆ ಕಿರೀಟ ಚಿಕ್ಕಪ್ಪನ ತಲೆಗೆ.

ಮೂರು ದಿನ ಯೋಚಿಸಿ ಬರೆದಳು. ಇದಕ್ಕಿಂತ ಒಳ್ಳೆಯ ವಿಸ್ಕಿಯನ್ನು ನಾನು ಕಂಡಿಲ್ಲ ಎಂದೇ ಬರೆದಳು. ನೆನೆದ ಸ್ಲೇಟು, ಬಿಸಿಲಿಗೆ ಕಾದ ಮರದ ಪುಡಿ, ಒಣಗಿದ ಕಿತ್ತಳೆ ಸಿಪ್ಪೆ ಎಂದು ಒಂದೊಂದನ್ನೂ ಹೆಸರಿಸಿದಳು. ಕೊನೆಗೆ ಒಂದು ಬಿನ್ನಹ ಸೇರಿಸಿದಳು. ಇಂಥ ಮೂಗನ್ನು ಕಣ್ಣಾರೆ ಕಾಣುವ ಭಾಗ್ಯ ನಮಗೆ ಸಿಗಲಿ. ಸಮಾರಂಭದ ದಿನ ಹೆಸರಿಲ್ಲದ ಐದು ಗ್ಲಾಸು ಇಡಿ. ಬಾಯಿಗೆ ಮುಟ್ಟಿಸದೆ, ಬರೀ ಮೂಗಿನಿಂದ, ಮಾಸ್ಟರು ತಮ್ಮ ವಿಸ್ಕಿಯನ್ನು ಗುರುತಿಸಿ ತೋರಿಸಲಿ.

ಸಾವಿರಾರು ಜನ ಹೌದು ಹೌದು ಎಂದರು. ಚಿಕ್ಕಪ್ಪನ ಅಭಿಮಾನಿಗಳೇ ಮುಂದೆ ನಿಂತು ಒತ್ತಾಯಿಸಿದರು. ಪ್ರಚಾರದ ಹೆಂಗಸು ಖುಷಿಯಿಂದ ಒಪ್ಪಿ, ಯಾವ ಕಂಪನಿಯವನೂ ಅಲ್ಲದ ಸೋಡಾಬುಡ್ಡಿಯೇ ಗ್ಲಾಸು ತುಂಬಿಸಲಿ ಎಂದು ಪ್ರಕಟಿಸಿಯೂ ಬಿಟ್ಟಳು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಮನೆಗೆ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಅಮ್ಮ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸರಿಸಿ ಅವನಿಗೆ ಕುರ್ಚಿ ಕೊಟ್ಟಳು. ಅವನು ಕೂರಲಿಲ್ಲ.

“ಮೂಗಿ ಅನ್ನೋ ಹೆಸರಿಗೇ ಅನುಮಾನ ಇತ್ತು. ನೆನೆದ ಸ್ಲೇಟು ಅಂತ ಇನ್ಯಾರೂ ಹೇಳಲ್ಲ. ಅದು ನೀನೇ ಅಂತ ನಂಗೆ ಗೊತ್ತಾಯ್ತು” ಎಂದ. “ಆ ಐದು ಗ್ಲಾಸಿನ ವಿಚಾರ ತೆಗೆದುಬಿಡು. ತಮಾಷೆಗೆ ಬರೆದೆ ಅಂತ ಹೇಳು. ಮುಂದಿನ ತಿಂಗಳಿಂದ ಕೆಲಸಕ್ಕೆ ಬಾ.”

“ಬಾಟ್ಲಿ ಇಟ್ಟಿದ್ದು ನೀವು ಅಂತ ಹೇಳಿ. ತೆಗೀತೀನಿ.”

“ಅದನ್ನ ಹೇಳಿದ್ರೆ ನನ್ನ ಹತ್ರ ಏನು ಉಳಿಯತ್ತೆ?”

“ನನ್ನ ಹತ್ರ ಏನು ಉಳಿದಿತ್ತು, ಚಿಕ್ಕಪ್ಪಾ?”

ಅವನು ಅಮ್ಮನ ಕಡೆ ತಿರುಗಿದ. “ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ. ಕುಡಿದು ಕುಡಿದು ತಲೆ ಕೆಟ್ಟಿದೆ ಇವಳಿಗೆ.”

ಅಮ್ಮನಿಗೆ ಮಗಳ ಮೇಲೆ ಯಾವತ್ತೂ ಸಂಶಯವಿರಲಿಲ್ಲ ಎಂದಲ್ಲ. ಎಲ್ಲೋ ಒಂದು ಮೂಲೆಯಲ್ಲಿ, ಇದ್ದರೂ ಇರಬಹುದು ಎಂದುಕೊಂಡಿದ್ದಳು. ಅಂದು ಆ ಸುಳ್ಳನ್ನು ತನ್ನ ಎದುರಿಗೇ, ಸೂಜಿಯಿಂದ ದಾರ ಎಳೆದ ಹಾಗೆ ಸಲೀಸಾಗಿ ಅವನು ಆಡಿದ್ದನ್ನು ಕೇಳಿ ಅವಳ ಮುಖ ಗಟ್ಟಿಯಾಯಿತು. ಹೊರಡಪ್ಪಾ, ನನಗೆ ಕೆಲಸವಿದೆ ಎಂದು ಮಿಷನ್ನು ತುಳಿಯತೊಡಗಿದಳು. ಆ ಸದ್ದಿನಲ್ಲಿ ಅವನು ಆಮೇಲೆ ಆಡಿದ ಮಾತು ಯಾರಿಗೂ ಕೇಳಿಸಲಿಲ್ಲ. ಅವನು ಹೋದ ಮೇಲೆ ಅವಳು ಅವನ ಮೂಗಿನ ಗುಟ್ಟನ್ನು ಅಮ್ಮನಿಗೆ ಹೇಳಿದಳು.

ಎರಡು ದಿನದ ಮೇಲೆ ಅಳಿಯ ಸೋಡಾಬುಡ್ಡಿಯನ್ನು ಹುಡುಕಿಕೊಂಡು ಬಾರಿಗೆ ಹೋದ. ನಮ್ಮದನ್ನು ಮೂರನೆಯ ಜಾಗದಲ್ಲಿ ಇಟ್ಟುಬಿಡು, ನಿನಗೂ ಒಳ್ಳೆಯದಾಗುತ್ತದೆ ಎಂದ. ಸೋಡಾಬುಡ್ಡಿ ಒಪ್ಪಿದವನ ಹಾಗೆ ತಲೆಯಾಡಿಸಿ, ಅವನು ಹೋದ ಮೇಲೆ ರಸ್ತೆ ದಾಟಿ ಲಾಂಡ್ರಿಗೆ ಬಂದು ಅವಳಿಗೆ ಹೇಳಿದ.

ಏನಿಡಬೇಕೆಂದು ಅವಳಿಗೆ ತಕ್ಷಣ ಹೊಳೆಯಿತು. ಅವನಿಗೆ ತಿಳಿಯುವುದು ಉರಿಯೊಂದೇ. ನೀರನ್ನೋ ಟೀಯನ್ನೋ ಇಟ್ಟರೆ ಉರಿಯಿಲ್ಲದ್ದು ಗೊತ್ತಾಗಿಬಿಡುತ್ತದೆ. ಅವಳು ಬಣ್ಣವಿಲ್ಲದ ಬರೀ ಮದ್ಯಸಾರವನ್ನು ನೀರಿನಲ್ಲಿ ಹದ ಮಾಡಿ, ಸುಟ್ಟ ಸಕ್ಕರೆಯಿಂದ ವಿಸ್ಕಿಯ ಬಣ್ಣ ಕೊಟ್ಟು, ಅದರಲ್ಲಿ ಬೆಳ್ಳುಳ್ಳಿ ಜಜ್ಜಿ ನೆನೆಹಾಕಿದಳು. ಮನೆ ತುಂಬಾ ಘಾಟು. ಅಮ್ಮ ಕಿಟಕಿ ತೆರೆಯುತ್ತಾ, ಇದೇನು, ಯಾರ ಮನೆ ತೊಳೆಯೋದಕ್ಕೆ ಎಂದು ಕೇಳಿದಳು.

“ಚಿಕ್ಕಪ್ಪಂಗೆ.”

ಅಮ್ಮ ಜಾಡಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ಒಳಗಿನಿಂದ ಇನ್ನೊಂದು ಗಡ್ಡೆ ತಂದು ಸಿಪ್ಪೆ ಬಿಡಿಸತೊಡಗಿದಳು. “ಇಷ್ಟು ಸಾಲಲ್ಲ” ಎಂದಳು.

ಸಮಾರಂಭ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಎತ್ತರದ ಕಿಟಕಿಗಳ ದೊಡ್ಡ ಹಾಲು, ಮುಂದಿನ ಸಾಲಿನಲ್ಲಿ ಮಾಲೀಕರು, ಪತ್ರಿಕೆಯವರು, ಅವರ ಹಿಂದೆ ಬ್ಲಾಗಿನವರು. ಅವಳು ನಾಲ್ಕನೆಯ ಸಾಲಿನಲ್ಲಿ ಟೀಚರ ಪಕ್ಕ ಕೂತಿದ್ದಳು. ವೇದಿಕೆಯ ಮೇಲೆ ಐದು ಗ್ಲಾಸು, ಪ್ರತಿಯೊಂದರ ಮೇಲೂ ಗಾಜಿನ ಮುಚ್ಚಳ. ಸೋಡಾಬುಡ್ಡಿ ಕೈ ಕಟ್ಟಿ ಪಕ್ಕಕ್ಕೆ ನಿಂತಿದ್ದ.

ಚಿಕ್ಕಪ್ಪ ಬೂದು ಬಣ್ಣದ ಸೂಟಿನಲ್ಲಿ ಬಂದ. ಚಪ್ಪಾಳೆ ಬಿತ್ತು. ಮೊದಲನೆಯ ಗ್ಲಾಸಿನ ಮುಚ್ಚಳ ತೆಗೆದು ಮೂಸಿ, ಮುಗುಳ್ನಕ್ಕು, ಅಲ್ಲ ಎಂದು ತಲೆ ಅಲ್ಲಾಡಿಸಿದ. ನಾಟಕ ಅವನಿಗೆ ನೀರು ಕುಡಿದಷ್ಟು ಸಲೀಸು. ಎರಡನೆಯದಕ್ಕೆ ಸ್ವಲ್ಪ ಅನುಮಾನಿಸುವ ಹಾಗೆ ಮಾಡಿ ಕೆಳಗಿಟ್ಟ. ಆ ಗ್ಲಾಸಿನಲ್ಲೇ ಅವನ ವಿಸ್ಕಿ ಇದ್ದದ್ದು. ಮೂರನೆಯದರ ಮುಚ್ಚಳ ತೆಗೆದ.

ಮುಂದಿನ ಸಾಲಿನ ಹೆಂಗಸೊಬ್ಬಳು ಥಟ್ಟನೆ ಕರವಸ್ತ್ರ ಮೂಗಿಗೆ ಹಿಡಿದಳು. ಎರಡನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದ, ಅದೇ ಫೋಟೋದಲ್ಲಿದ್ದ ಹಾಗೆ. ಆಳವಾಗಿ ಒಮ್ಮೆ, ಇನ್ನೊಮ್ಮೆ ಮೂಸಿದ. ಮೈಕಿನ ಹತ್ತಿರ ಬಾಗಿದ.

“ಒಣಗಿದ ಕಿತ್ತಳೆ. ಬಿಸಿಲಿಗೆ ಕಾದ ಮರ” ಎಂದ. “ಇದು ನನ್ನದು. ಸ್ವಂತ ಮಗೂನ ಯಾರಾದ್ರೂ ಮರೀತಾರಾ?”

ಹಾಲಿನಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅವನು ಕಣ್ಣು ತೆರೆದ. ಕರವಸ್ತ್ರಗಳನ್ನು ನೋಡಿದ, ಅಳಿಯನ ಬಿಳಿಚಿದ ಮುಖವನ್ನು ನೋಡಿದ. ಅವಳು ಎದ್ದು ನಿಂತಳು.

“ಚಿಕ್ಕಪ್ಪಾ, ಅದು ಬೆಳ್ಳುಳ್ಳಿ.”

ಅವನು ಗ್ಲಾಸನ್ನು ಮತ್ತೆ ಮೂಗಿನ ಹತ್ತಿರ ತಂದ. ಈ ಸಲ ನಾಟಕವಿರಲಿಲ್ಲ. ನಿಜಕ್ಕೂ ಹುಡುಕುತ್ತಿದ್ದ.

ಅಳಿಯ ಓಡಿಬಂದು ಮೈಕು ಹಿಡಿದು, ಯಾರೋ ಕಿಡಿಗೇಡಿಗಳು ಗ್ಲಾಸು ಬದಲಾಯಿಸಿದ್ದಾರೆ ಎಂದು ಕೂಗಾಡಿದ. ಬದಲಾಯಿಸಿದ್ದೇ ಆಗಲಿ, ಹಾಗಾದರೆ ಸಾಹೇಬರು ಅದನ್ನು ನನ್ನದು ಎಂದದ್ದು ಹೇಗೆ ಎಂದು ಪತ್ರಿಕೆಯವನೊಬ್ಬ ಕೇಳಿದ. ಚಿಕ್ಕಪ್ಪ ಮೆಲ್ಲಗೆ ಅಳಿಯನ ಕೈಯಿಂದ ಮೈಕು ತೆಗೆದುಕೊಂಡ. ತನಗೆ ಒಂದು ಜ್ವರದ ನಂತರ ಹದಿಮೂರು ವರ್ಷದಿಂದ ಯಾವ ವಾಸನೆಯೂ ತಿಳಿಯುವುದಿಲ್ಲ, ಹೇಳಿಕೊಳ್ಳಲು ಧೈರ್ಯ ಬರಲಿಲ್ಲ, ಕ್ಷಮಿಸಿ ಎಂದ. ಅವಳು ಕಾದಳು. ಇನ್ನೊಂದು ವಾಕ್ಯ ಬರಬೇಕಿತ್ತು. ಅವನು ಅವಳನ್ನೇ ನೋಡುತ್ತಾ ಮೈಕನ್ನು ಕೆಳಗಿಟ್ಟ.

ಮರುದಿನ ಅವಳು ಎಣಿಸದೇ ಇದ್ದದ್ದು ಆಯಿತು. ಜನ ಅವನಿಗಾಗಿ ಕಣ್ಣೀರಿಟ್ಟರು. ವಾಸನೆಯಿಲ್ಲದ ಮೂಗಿನಿಂದ ಹದಿಮೂರು ವರ್ಷ ಅಂಥ ವಿಸ್ಕಿ ಮಾಡಿದ ಮಹಾನುಭಾವ ಎಂದು ಪತ್ರಿಕೆಯೊಂದು ಬರೆಯಿತು. ತುಂಬಿದ ಸಭೆಯಲ್ಲಿ ಸತ್ಯ ಒಪ್ಪಿಕೊಂಡ ಎದೆಗಾರಿಕೆಯನ್ನು ಇನ್ನೊಂದು ಹೊಗಳಿತು. ಬೆಳ್ಳುಳ್ಳಿ ಇಟ್ಟವರು ಯಾರೋ ಮನುಷ್ಯತ್ವವಿಲ್ಲದವರು ಎಂದರು. ಲಾಂಡ್ರಿಯ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಓದಿದ ಅವಳ ಮೈ ಕಾದ ಬಾಣಲೆಯಾಯಿತು. ಅವಳ ಹನ್ನೊಂದು ವರ್ಷವನ್ನು ಅವನು ಎರಡನೆಯ ಸಲ ಕದ್ದಿದ್ದ, ಅದೂ ಎಲ್ಲರ ಎದುರಿಗೆ, ಕ್ಷಮೆ ಕೇಳುತ್ತಾ.

ಅಂದು ಮಧ್ಯಾಹ್ನವೇ ಅವಳು ಬಾರಿನ ಮೂಲೆಯಲ್ಲಿ ಕೂತು ಬರೆದಳು. ತನ್ನ ಹೆಸರು ಹಾಕಿಯೇ ಬರೆದಳು. ಬೈಗುಳವಿಲ್ಲ, ಅಲಂಕಾರವಿಲ್ಲ. ಯಾವ ವರ್ಷ ಏನು ಮೂಸಿದೆ, ಅವನು ಏನು ಬರೆದುಕೊಂಡ, ಪತ್ರಿಕೆಯಲ್ಲಿ ಏನು ಬಂತು, ಒಂದರ ಪಕ್ಕ ಒಂದು. ಅಮ್ಮ ಕತ್ತರಿಸಿಟ್ಟಿದ್ದ ಪುಟಗಳೆಲ್ಲ ಈಗ ಕೆಲಸಕ್ಕೆ ಬಂದವು. ನನ್ನ ಡ್ರಾಯರಿಗೆ ಎರಡೇ ಕೀಲಿಕೈ, ಒಂದು ನನ್ನದು, ಇನ್ನೊಂದು ಚಿಕ್ಕಪ್ಪನದು ಎಂದು ಬರೆದು ನಿಲ್ಲಿಸಿದಳು.

ಓದಿದವರು ಮೊದಮೊದಲು ಎರಡು ಪಕ್ಷವಾದರು. ನಾಲ್ಕನೆಯ ದಿನ ಉಗ್ರಾಣದ ಅಧಿಕಾರಿ, ಈಗ ನಿವೃತ್ತ, ಬ್ಲಾಗಿನ ಕೆಳಗೆ ತನ್ನ ಹೆಸರು ಸಹಿತ ಬರೆದ. ಅವಳ ಡ್ರಾಯರಿನಲ್ಲಿ ಸಿಕ್ಕ ಬಾಟಲಿಯನ್ನು ಹಿಂದಿನ ದಿನ ನಾನೇ ಮಾಸ್ಟರ ಕೋಣೆಗೆ ಕೊಟ್ಟುಬಂದಿದ್ದೆ. ಅಂದು ಅದೇ ಬಾಟಲಿ ಎಂದು ಗುರುತು ಹಿಡಿದೆ, ಬಾಯಿ ಬಿಡಲಿಲ್ಲ. ಆ ಪಾಪ ನನ್ನದು. ಅಷ್ಟೇ ಬರೆದಿದ್ದ. ಅಲ್ಲಿಗೆ ಕಣ್ಣೀರು ಒಣಗಿತು. ಹಿಂದಿನ ವಾರ ಮಹಾನುಭಾವ ಎಂದಿದ್ದ ಪತ್ರಿಕೆಯೇ ಅವನ ಮನೆಯ ಗೇಟಿನ ಚಿತ್ರ ಹಾಕಿತು.

ಡಿಸ್ಟಿಲರಿಯವರು ಅವನನ್ನು ಮನೆಗೆ ಕಳಿಸಿದರು. ಅಳಿಯ ತಾನಾಗಿ ರಾಜೀನಾಮೆ ಕೊಟ್ಟ. ಅಂಗಡಿಗಳಿಗೆ ಹೋಗಿದ್ದ ಬಾಟಲಿಗಳನ್ನು ವಾಪಸ್ ತರಿಸಿ ಹೊಸ ಲೇಬಲ್ಲು ಅಂಟಿಸಿದರು. ಅದರ ಮೇಲೆ ಅವಳ ಹೆಸರು, ಅದರ ಕೆಳಗೆ ಪೀಪಾಯಿ ಕಟ್ಟಿದವನೆಂದು ಅಪ್ಪನ ಹೆಸರು. ಮಾಲೀಕರು ಖುದ್ದಾಗಿ ಲಾಂಡ್ರಿಗೆ ಬಂದು ಅವಳನ್ನು ಕೆಲಸಕ್ಕೆ ಕರೆದರು. ತನ್ನ ಮೇಲೆ ಯಾವ ಕಳಂಕವೂ ಇಲ್ಲವೆಂದು ಬರೆದುಕೊಟ್ಟು ಅದನ್ನು ಕಾರ್ಖಾನೆಯ ಬಾಗಿಲಲ್ಲಿ ಒಂದು ತಿಂಗಳು ಅಂಟಿಸಬೇಕು ಎಂದಳು. ಅಂಟಿಸಿದರು. ಅವಳು ಹೋದಳು.

ಸೋಡಾಬುಡ್ಡಿ ಮಾತ್ರ ಖುಷಿಪಡಲಿಲ್ಲ. ಕೊನೆಯ ಸಲ ಅವಳು ಬಾರಿಗೆ ಹೋದಾಗ ಅವನು ಕನ್ನಡಕ ತೆಗೆದು ಒರೆಸುತ್ತಾ ಹೇಳಿದ:

“ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಆ ಮನುಷ್ಯ ಮೂರನೇ ಸಲ ಮೂಸಿದ್ನಲ್ಲ, ಅದು ನನ್ನ ಕಣ್ಣಿಂದ ಹೋಗ್ತಿಲ್ಲ. ನನ್ನ ಕೈಯಿಂದ ತುಂಬಿಸಿದ ಗ್ಲಾಸು ಅದು.”

“ನನ್ನ ಕಣ್ಣಿಂದಾನೂ ಹೋಗ್ತಿಲ್ಲ” ಎಂದಳು ಅವಳು. “ಹೋಗೋದು ಬೇಡ ಅಂತಾನೇ ಇಟ್ಕೊಂಡಿದೀನಿ.”

ಶನಿವಾರದ ಕೂಟಕ್ಕೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಡಿಸ್ಟಿಲರಿಯಲ್ಲಿ ಕೂತವಳು ಬೇರೆಯವರ ಮಾಲಿನ ಬಗ್ಗೆ ಬರೆಯುವುದು ಸರಿಯಲ್ಲವೆಂದು ಅವಳು ಬ್ಲಾಗನ್ನೂ ನಿಲ್ಲಿಸಿದಳು. ಟೀಚರು ಒಮ್ಮೆ ದಾರಿಯಲ್ಲಿ ಸಿಕ್ಕಿ, ನಿಮ್ಮ ಹಳೆಯ ಬರಹಗಳನ್ನು ಈಗಲೂ ಓದುತ್ತೇನೆ, ಸಿಟ್ಟಿನವಳು ಬರೆದದ್ದು ಅಂತ ಗೊತ್ತೇ ಆಗುವುದಿಲ್ಲ ಎಂದಳು. ಆ ಎರಡು ವರ್ಷದ ಮಧ್ಯಾಹ್ನಗಳಲ್ಲಿ, ಗ್ಲಾಸಿನ ಮೇಲೆ ಬಗ್ಗಿದ ಒಂದೊಂದು ಗಳಿಗೆ, ಚಿಕ್ಕಪ್ಪನನ್ನು ಅವಳು ಪೂರಾ ಮರೆತಿದ್ದೂ ಉಂಟು.

ಪಶ್ಚಾತ್ತಾಪ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು, ಚಿಕ್ಕಮ್ಮ ಫೋನಿನಲ್ಲಿ ಅಳುತ್ತಾ ಶಾಪದ ಹಾಗೆ ಹೇಳಿದ್ದಳು. ಅವಳೂ ಒಂದಷ್ಟು ದಿನ ಕಾದು ನೋಡಿದಳು.

ಆರು ತಿಂಗಳ ಮೇಲೆ ನೆಂಟರ ಮನೆಯ ಮದುವೆಯ ಊಟದಲ್ಲಿ ಅವಳನ್ನೂ ಅಮ್ಮನನ್ನೂ ಚಿಕ್ಕಪ್ಪನ ಎದುರಿನ ಮೇಜಿಗೇ ಕೂರಿಸಿಬಿಟ್ಟರು. ಅವನು ತುಂಬಾ ಇಳಿದುಹೋಗಿದ್ದ. ಕಾಲರು ಕತ್ತಿಗೆ ದೊಡ್ಡದಾಗಿತ್ತು. ತಟ್ಟೆಗೆ ಬಂದದ್ದನ್ನು ಒಂದೆರಡು ತುತ್ತು ಮುರಿದು, ಉಪ್ಪು ಸುರಿದುಕೊಂಡು, ಮತ್ತೂ ಸುರಿದುಕೊಂಡು, ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಒಮ್ಮೆ ಅವಳ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಅವಳು ನೋಟ ತಪ್ಪಿಸಲಿಲ್ಲ, ನೆರವಿಗೂ ಹೋಗಲಿಲ್ಲ. ಅವನು ಎದ್ದು, ಗೋಡೆ ಹಿಡಿದುಕೊಂಡು ಕೈ ತೊಳೆಯಲು ಹೋದ.

“ಅವನ ಮುಖ ನೋಡಿದ್ಯಾ?” ಎಂದು ಅಮ್ಮ ಕೆಳದನಿಯಲ್ಲಿ ಕೇಳಿದಳು. ಅವಳ ಕೈ ತಟ್ಟೆಯಲ್ಲೇ ನಿಂತಿತ್ತು.

ನೋಡಿದೆ ಎಂದಳು ಅವಳು. ಊಟ ಚೆನ್ನಾಗಿತ್ತು. ಬಡಿಸುವವರನ್ನು ಕರೆದು ಇನ್ನೊಂದು ಸಲ ಹಾಕಿಸಿಕೊಂಡು, ನಿಧಾನವಾಗಿ, ತಟ್ಟೆ ಖಾಲಿಯಾಗುವವರೆಗೆ ಉಂಡಳು.